ಕಿವಿಗೆ ಉಸುರಿದ ಹೆಸರು

ಶ್ಯಾಮಸುಂದರ ರಾಯರು ಗಲ್ಫ್‌ನ ಕನ್ನಡ ಸಂಘದ ಸಭಾಂಗಣದ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಅವರ ಬೆನ್ನಿಗೆ ಅಂಟಿಕೊಂಡು ನಿಂತ, ಅವರದೇ ಕಂಪನಿಯ ಡ್ರೈವರ್ ಸೇಸಪ್ಪ, ಬರುವವರ ಹೆಸರನ್ನು ಅವರ ಕಿವಿಗೆ ಉಸುರುತ್ತಿದ್ದ.

"ಹಿಲ್ಡಾ. ನರ್ಸು. ಗಂಡನಿಗೆ ಆಪರೇಶನ್ ಆಗಿದೆ."

"ಏನಮ್ಮ ಹಿಲ್ಡಾ, ಯಜಮಾನ್ರು ಹುಷಾರಾಗಿದ್ದಾರಾ?" ಎಂದರು ರಾಯರು. ಹಿಲ್ಡಾ ಉತ್ತರ ಕೊಟ್ಟದ್ದು ಸೇಸಪ್ಪನ ಮುಖ ನೋಡಿ. ಆಪರೇಶನ್ ದಿನ ರಕ್ತಕ್ಕಾಗಿ ಓಡಾಡಿದವನು ಅವನು. ರುಸೈಲ್‌ನ ಕಾರ್ಖಾನೆಗಳಲ್ಲಿ ಸತ್ತವರ ಹೆಣ ಊರಿಗೆ ಕಳಿಸಲು ಕಚೇರಿ ಕಚೇರಿ ಅಲೆದವನೂ ಅವನೇ. ಅಧ್ಯಕ್ಷರಾಗುವುದು ಮಾತ್ರ ರಾಯರು. ಸಂಘ ಕಟ್ಟಿದ ಅವರ ತಂದೆಯ ಪಟ ಗೋಡೆಯ ಮೇಲಿದೆ, ಹಾಗಾಗಿ ಕುರ್ಚಿ ಮಗನದು. ಈವರೆಗೆ ಯಾರೂ ಎದುರು ನಿಂತದ್ದಿಲ್ಲ.

ಇವತ್ತು ಮತ್ತೆ ಅಧ್ಯಕ್ಷರ ಆಯ್ಕೆ. ಕಳೆದ ವಾರ ಮಗಳು ತೃಷಾ ಪಾಠ ಓದುತ್ತ, ಹಿಂದೆ ರೋಮ್‌ನಲ್ಲಿ ಚುನಾವಣೆಗೆ ನಿಂತ ದೊಡ್ಡ ಮನೆತನದವರ ಹಿಂದೆ ಹೆಸರು ಹೇಳಿಕೊಡಲು ಒಬ್ಬ ಗುಲಾಮ ಇರುತ್ತಿದ್ದನಂತೆ ಎಂದು ನಕ್ಕಿದ್ದಳು. "ಪಪ್ಪಾ, ದಟ್ಸ್ ಯೂ." ಅವನ ನೆತ್ತಿಗೆ ಬೆಂಕಿ ಹತ್ತಿತು. ಮನೆತನವಿಲ್ಲದವರು ಗೆದ್ದದ್ದೇ ಇಲ್ಲವೇ ಎಂದು ಕೇಳಿದ. ಅಪರೂಪಕ್ಕೆ ಗೆದ್ದಿದ್ದಾರೆ, ಅಂಥವರನ್ನು 'ಹೊಸ ಮನುಷ್ಯ' ಎನ್ನುತ್ತಿದ್ದರು ಎಂದಳು. ಮರುದಿನವೇ ಚುನಾವಣಾಧಿಕಾರಿ ಜೇಮ್ಸ್ ಕೈಗೆ ನಾಮಪತ್ರದ ಲಕೋಟೆ ಕೊಟ್ಟು ಬಂದ. ಈಗ ಸಿಟ್ಟು ಇಳಿದಿತ್ತು. ಲಕೋಟೆ ಮಾತ್ರ ಜೇಮ್ಸ್ ಮೇಜಿನ ಮೇಲಿತ್ತು.

ಹೆಂಡತಿ ಹರಿಣಾಕ್ಷಿ ಅವನನ್ನು ಪಕ್ಕಕ್ಕೆ ಎಳೆದಳು. "ನಿಮಗೆ ಎಂತ ಮರ್ಲಾ? ಈಗಲಾದರೂ ವಾಪಸ್ ತಗೊಳ್ಳಿ. ರಾಯರು ವೀಸಾಕ್ಕೆ ಸೈನ್ ಹಾಕದಿದ್ರೆ ಖಲಾಸ್. ಊರಿಗೆ ಹೋಗಿ ಎಂತ ತಿನ್ನುವುದು?"

ಅವನು ಜೇಮ್ಸ್ ಕಡೆ ಹೆಜ್ಜೆ ಇಟ್ಟ.

"ಸದೀಕ್, ಎಲ್ಲಿ ಹೋದೆ?" ರಾಯರ ದನಿ. ಕಂಪನಿಯ ಕೂಲಿಯಾಳು, ಡ್ರೈವರ್ ಎಲ್ಲರೂ ಅವರಿಗೆ ಸದೀಕ್‌ಗಳೇ, ಅರಬ್ಬಿಯಲ್ಲಿ ಗೆಳೆಯರು; ಒಬ್ಬನ ಹೆಸರೂ ಬೇಕಾಗಿರಲಿಲ್ಲ. ಸೇಸಪ್ಪನ ಕಾಲು ತಾನಾಗಿ ತಿರುಗಿ ಅವರ ಬೆನ್ನ ಹಿಂದೆ ಬಂದು ನಿಂತಿತು.

ಅಷ್ಟರಲ್ಲಿ ಜೇಮ್ಸ್ ಲಕೋಟೆ ಒಡೆದು ಮೈಕಿನಲ್ಲಿ ಓದಿಬಿಟ್ಟರು. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು. ಶ್ಯಾಮಸುಂದರ ರಾವ್. ಸೇಸಪ್ಪ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು.

ರಾಯರು ಮುಖದ ನಗೆ ಕೆಡದಂತೆ ತಲೆಯನ್ನಷ್ಟೇ ಹಿಂದಕ್ಕೆ ವಾಲಿಸಿದರು. "ಈ ಸೇಸಪ್ಪ ಅನ್ನುವವನು ಯಾರೋ?"

ಸೇಸಪ್ಪ ಎಂದಿನಂತೆ ಬಾಗಿ, ಕಿವಿಗೆ ಉಸುರಿದ.

"ಸೇಸಪ್ಪ. ಡ್ರೈವರ್. ವೀಸಾ ಈ ತಿಂಗಳು ಮುಗಿಯುತ್ತದೆ."