ತಡೆಯಾಜ್ಞೆಯಲ್ಲಿ ನಿಂತ ದೈತ್ಯ

ಆನ್‌ಲೈನ್ ಆಟದೊಳಗಿನ ನ್ಯಾಯಾಲಯದಲ್ಲಿ ಅಂದು ಕೊನೆಯ ವಿಚಾರಣೆ. ಅರವತ್ತಡಿ ಎತ್ತರದ ರೋಬೋಟ್ ‘ಮೇರು’ ಪರವಾನಗಿಯ ವ್ಯಾಜ್ಯದ ತಡೆಯಾಜ್ಞೆಯಿಂದಾಗಿ ಆರು ವರ್ಷಗಳಿಂದ ನ್ಯಾಯಾಲಯದ ಮುಂದಿನ ಚೌಕದ ನಡುವೆ ಅಲುಗಾಡದೆ ನಿಂತಿತ್ತು. ಆಟಗಾರರು ಅದರ ಕಾಲುಗಳ ನಡುವೆಯೇ ಓಡಾಡುತ್ತಿದ್ದರು. ಅದರ ವಿನ್ಯಾಸ ತನ್ನದೆಂದು ಹುಬ್ಬಳ್ಳಿಯ ಕಸ್ತೂರಿ ಬಡಿಗೇರ ವಾದಿಸಿದ್ದಳು. ತನ್ನದೆಂದು ಒಂದು ದೊಡ್ಡ ಕಂಪನಿ ವಾದಿಸಿತ್ತು.

“ನಿಮ್ಮದೆನ್ನಲು ಗುರುತೇನು?” ಎಂದರು ನ್ಯಾಯಾಧೀಶರು.

“ಎಡ ಮೊಣಕಾಲು ಹಿಂದಕ್ಕ ಮಡಚಿದ್ರ ಮೀನಖಂಡದಾಗ ಮೆಟ್ಟಿಲಾ ತೆರಕೋತಾವ್ರಿ. ನಮ್ಮವ್ವಗ ಏಣಿ ಹತ್ತಾಕ ಆಗತಿದ್ದಿಲ್ಲ. ಆಕಿ ಸಲುವಾಗಿ ಅವನ್ನ ಮಾಡಿದ್ದೆ.”

ಕಂಪನಿಯ ವಕೀಲರು ನಕ್ಕರು. “ಸ್ವಾಮಿ, ಇದರಲ್ಲಿ ಮೆಟ್ಟಿಲೇ ಇಲ್ಲ.”

ನ್ಯಾಯಾಧೀಶರು ಒಂದು ನಿಮಿಷದ ಮಟ್ಟಿಗೆ ತಡೆಯಾಜ್ಞೆ ತೆರವು ಮಾಡಿದರು. ಕಸ್ತೂರಿ ಮೇರುವಿಗೆ ಕಾಲು ಮಡಚಲು ಆಜ್ಞೆ ಕೊಟ್ಟಳು. ನೆಲ ನಡುಗಿತು. ಮೇರು ಎಡಗಾಲನ್ನು ಹಿಂದಕ್ಕೆ ಮಡಚಿ ಕುಳಿತಿತು. ಮೀನಖಂಡ ಬಿರಿದು, ಒಂದರ ಮೇಲೊಂದರಂತೆ ಹನ್ನೆರಡು ಮೆಟ್ಟಿಲುಗಳು ಹೊರಬಂದವು. ಚೌಕದಲ್ಲಿದ್ದ ಸಾವಿರಾರು ಆಟಗಾರರು ಕೇಕೆ ಹಾಕಿದರು. ವಕೀಲರು ಕಡತ ಮುಚ್ಚಿದರು.

ಕಸ್ತೂರಿಯ ಕಾಲುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. “ಸಾಹೇಬ್ರ, ಒಂದ್ ಸಲ ಹತ್ತಲೇನ್ರಿ?”

ನ್ಯಾಯಾಧೀಶರು ತೀರ್ಪಿಗೆ ಸಹಿ ಹಾಕುತ್ತ ಹೇಳಿದರು: “ನಿಮ್ಮದನ್ನು ನೀವು ಹತ್ತಲು ನನ್ನನ್ನೇಕೆ ಕೇಳುತ್ತೀರಿ?”