ಅಂಚೆಪೆಟ್ಟಿಗೆಯ ಕೀಲಿ

ಅಕ್ಷತಾ ಬಾಗಿಲು ತೆರೆದಳು. ಈ ಹೊತ್ತಿನಲ್ಲಿ ಯಾರು ಬರಬಾರದಿತ್ತೋ ಅವರೇ! ಸಿಂಗಪುರದ ಪುಂಗೋಲಿನ ಈ ಕಾಂಡೋ ಫ್ಲಾಟನ್ನು ಇವಳಿಗೂ ಇವಳ ಗಂಡನಿಗೂ ಮಾರಿದ ಸರಳಾ ಆಂಟಿ, ಚಪ್ಪಲಿ ಬಿಟ್ಟು, ಹೊರಗಿನವರಂತೆ ಮುದುಡಿ ನಿಂತಿದ್ದರು.

"ನಾಳೆ ಹುಬ್ಬಳ್ಳಿಗೆ ಹೊರಟೆ ಅಕ್ಷತಾ. ಹೇಳಿ ಹೋಗೋಣ ಅಂತ ಬಂದೆ."

ಅಯ್ಯೋ, ಹೋದ ವಾರವಷ್ಟೇ ಈ ಮನೆಯಲ್ಲಿ ಅವರ ಮಾತೇ ಆಗಿತ್ತಲ್ಲ! ಹಳೆಯ ಪ್ರಾಪರ್ಟಿ ಟ್ಯಾಕ್ಸ್ ಬಾಕಿ ಇದೆಯೆಂದು ನೋಟಿಸ್ ಬಂದಿತ್ತು. ಮನೆ ಕೊಳ್ಳುವಾಗ ಲಾಯರ್ ಕಣ್ಣಿಗೂ ಅದು ಬಿದ್ದಿರಲಿಲ್ಲ. ಗಂಡ ಪ್ರಭುದೇವ ಮಾತ್ರ ನಕ್ಕಿದ್ದ. "ಟೈಟಲ್ ಇನ್ಶೂರೆನ್ಸ್ ಸುಮ್ನೆ ಮಾಡಿಸಿದ್ನಾ? ಹಿಂದಿನವರ ಬಾಕಿ ನಮ್ಮ ತಲೆಗೆ ಬಂದ್ರೆ ಕಂಪನಿ ಕಟ್ಟುತ್ತೆ. ಆಮೇಲೆ ಅವರ ಹತ್ರ ವಸೂಲಿ ಮಾಡ್ಕೊಳ್ಳುತ್ತೆ. ನಮ್ಗೇನು? ಆಫೀಸಿಗೆ ಹೋಗಿ ಕ್ಲೇಮ್ ಮಾಡ್ತೀನಿ."

ಯಾರ ಹತ್ತಿರ ವಸೂಲಿ? ಆಂಟಿಯ ಗಂಡ ಮಹಾಬಲೇಶ್ವರ ಅಂಕಲ್ ತೀರಿಕೊಂಡು ವರ್ಷವಾಗಿಲ್ಲ. ಮನೆ ಇಬ್ಬರ ಹೆಸರಲ್ಲೂ ಇತ್ತು. ಉಳಿದವರು ಈ ಹೆಂಗಸೊಬ್ಬರೇ.

ಆಂಟಿ ಪರ್ಸಿನಿಂದ ಪುಟ್ಟ ಕೀಲಿಯೊಂದನ್ನು ತೆಗೆದರು. "ಕೆಳಗಿನ ಲೆಟರ್‌ಬಾಕ್ಸಿಂದು. ನಿನ್ನೆ ಇವರ ಪ್ಯಾಂಟ್ ಮಡಚುವಾಗ ಜೇಬಲ್ಲಿ ಸಿಕ್ತು. ಒಂದಿನಾನೂ ನನ್ನ ಕೈಗೆ ಕೊಟ್ಟವರಲ್ಲ. ನೀನ್ಯಾಕೆ ಇಳಿದು ಹೋಗ್ತಿ, ನಾನೇ ತರ್ತೀನಿ ಅನ್ನೋರು. ಅಷ್ಟು ಕಾಯಿಲೆ ಇದ್ರೂ ಗೋಡೆ ಹಿಡ್ಕೊಂಡು ಹೋಗೋರು ಪಾಪ."

ಅಕ್ಷತಾ ಕೀಲಿ ತೆಗೆದುಕೊಂಡಳು. ಅಂಕಲ್ ಇದ್ದಾಗ ಬಂದಿರಬಹುದಾದ ಟ್ಯಾಕ್ಸ್ ನೋಟಿಸುಗಳು ಆಂಟಿಯ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂಬುದು ಈಗ ಅವಳಿಗೆ ಅರ್ಥವಾಯಿತು.

"ಆಸ್ಪತ್ರೆ, ಔಷಧಿ ಅಂತ ಎಲ್ಲಾ ಕರಗಿಹೋಯ್ತು," ಆಂಟಿ ಬಾಲ್ಕನಿಯತ್ತ ನೋಡುತ್ತ ಹೇಳಿದರು. "ಆದ್ರೂ ಯಾರಿಗೂ ಒಂದು ಪೈಸೆ ಬಾಕಿ ಇಟ್ಟು ಹೋಗ್ಲಿಲ್ಲ ನೋಡು ನಮ್ಮವರು. ನನಗೆ ಉಳಿದಿರೋ ಸಮಾಧಾನ ಅದೊಂದೇ. ತಲೆ ಎತ್ಕೊಂಡು ಊರಿಗೆ ಹೋಗ್ತೀನಿ."

"ಕೂತ್ಕೊಳ್ಳಿ ಆಂಟಿ, ಟೀ ತರ್ತೀನಿ," ಎಂದು ಅಕ್ಷತಾ ಅಡುಗೆಮನೆಗೆ ಓಡಿದಳು. ಗಂಡನಿಗೆ ಮೆಸೇಜ್ ಒತ್ತಿದಳು: 'ಕ್ಲೇಮ್ ವಾಪಸ್ ತಗೋ. ನಾವೇ ಕಟ್ಟೋಣ. ಪ್ಲೀಸ್.'

ಟೀ ಕಪ್ಪನ್ನು ಆಂಟಿಯ ಕೈಗಿಡುವಷ್ಟರಲ್ಲಿ ಉತ್ತರ ಬಂತು: 'ಲೇಟಾಯ್ತು! ಕ್ಲೇಮ್ ಅಪ್ರೂವ್ ಆಗಿದೆ. ಆಂಟಿಗೆ ಕಂಪನಿಯ ವಸೂಲಿ ಲೆಟರ್ ಕೂಡ ಹೋಯ್ತಂತೆ. ನಮ್ಗೆ ಒಂದು ಡಾಲರೂ ಖರ್ಚಿಲ್ಲ.'

"ಪ್ರಭುನಾ?" ಆಂಟಿ ಮುಖ ಅರಳಿಸಿ ಕೇಳಿದರು. "ಏನಂತೆ, ಒಳ್ಳೆ ಸುದ್ದೀನಾ?"