ನಾಲ್ಕು ಬೆರಳು

ಕೆನಡಾದ ಆ ಪುಟ್ಟ ಊರು ಕಣ್ಣೆದುರೇ ಬೆಳೆಯುತ್ತಿತ್ತು. ಹೊಸ ಮನೆಗಳಲ್ಲಿ ಎಷ್ಟು ಜನ ಎಂದು ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥನೇ ಬರೆದುಕೊಳ್ಳುತ್ತ ಬಂದ. ಅವನ ಭಾಷೆ ಬಾರದ ಪುಟ್ಟನಂಜಮ್ಮ ಅವನ ಕೈಸನ್ನೆಯಿಂದಲೇ ಪ್ರಶ್ನೆ ತಿಳಿದು, ನಗುತ್ತ ನಾಲ್ಕು ಬೆರಳು ತೋರಿಸಿದಳು.

ಸಂಜೆ ಸೊಸೆ ಕೇಳಿ ನಕ್ಕಳು. “ನೀವು, ನಾನು, ನಿಮ್ಮ ಮಗ. ಮೂರೇ ಜನ ಅಲ್ವಾ ಅತ್ತೆ?”

“ಸೀಮಂತ ಆದ್ಮೇಲೆ ಹೊಟ್ಟೇಲಿರೋದೂ ಮನೇವ್ರೇ ಕಣಮ್ಮ.”

“ಮನೆಗೆ ಬೆಂಕಿ ಬಿದ್ರೆ ಯಾರ್‍ಯಾರನ್ನ ಹೊರಗೆ ತರ್ಬೇಕು ಅಂತ ತಿಳಿಯೋಕೆ ಆ ಪಟ್ಟಿ. ನಾಳೆ ಹೇಳಿ ಒಬ್ರನ್ನ ತೆಗೆಸಿಬಿಡ್ತೀನಿ.”

“ಬಿಡ್ತು ಅನ್ನು! ತುಂಬಿದ ಬಸುರಿ ಆಡೋ ಮಾತಾ ಇದು?”

ಸೊಸೆ ಕೆನ್ನೆ ಬಡಿದುಕೊಂಡು ಬಿಡ್ತು ಅಂದಳು. ಪಟ್ಟಿ ಹಾಗೆಯೇ ಉಳಿಯಿತು.

ಹತ್ತನೆಯ ದಿನ ಮಧ್ಯಾಹ್ನ ನೆಲಮಾಳಿಗೆಯ ಹೀಟರಿನಿಂದ ಬೆಂಕಿ ಎದ್ದಿತು. ಮೂವರೂ ಹಿಂಬಾಗಿಲಿನಿಂದ ಓಡಿ ಹಿಮದಲ್ಲಿ ನಿಂತರು. ಅತ್ತ ದಳದವರು ಮುಂಬಾಗಿಲು ಒಡೆಯುವ ಸದ್ದು ಕೇಳಿತು. ಪುಟ್ಟನಂಜಮ್ಮ ಸೊಸೆಯ ಹೊಟ್ಟೆ ಸವರಿ, “ಒಂದು ಜೀವಾನೂ ಬಿಡದೆ ಕಾಪಾಡಿದೆಯಲ್ಲಪ್ಪ, ನಂಜುಂಡ” ಎಂದು ಕೈಮುಗಿದಳು. ಸೂರಿನ ಒಂದು ಪಕ್ಕ ಧೊಪ್ಪೆಂದು ಕುಸಿಯಿತು.

ಮುಖ್ಯಸ್ಥ ಪಟ್ಟಿ ಹಿಡಿದು ಓಡಿಬಂದು, ಮೂವರನ್ನೂ ಎಣಿಸಿ, ಸೊಸೆಯನ್ನು ಕೇಳಿದ: “ನಾಲ್ಕನೆಯವರು ಯಾವ ಕೋಣೆಯಲ್ಲಿದ್ದಾರೆ? ಹುಡುಕೋಕೆ ನನ್ನ ಮಗ ಒಳಗೆ ಹೋಗಿದ್ದಾನೆ.”